ಸೋಮವಾರದ ಡೀಸೆಲ್

ನಾನು ಕೈ ಹಾಕಿದ ಕೆಲಸ ಆಗೋದಿಲ್ಲ ಅಂತಲ್ಲ, ಆಗ್ತದೆ. ಆದರೆ ಆಗೋದರೊಳಗೆ ಊರು ಒಂದು ಸುತ್ತು ನಕ್ಕು ಮುಗಿಸಿರ್ತದೆ. ಹೊನ್ನಾವರದಲ್ಲಿ ಮೂವತ್ತು ವರ್ಷದಿಂದ ಪಂಪ್‌ಸೆಟ್ಟು, ಬೋಟಿನ ಇಂಜಿನ್ನು ರಿಪೇರಿ ಮಾಡ್ಕೊಂಡು ಬಂದವನು ನಾನು. ಸಿಟ್ಟು ಬೇಗ ಬರ್ತದೆ, ಅಷ್ಟೇ ಬೇಗ ಇಳೀತದೆ. "ನಿಮ್ಮ ಸಿಟ್ಟಿಗೂ ಗ್ಯಾರಂಟಿ ಇಲ್ಲ, ನಿಮ್ಮ ರಿಪೇರಿಗೂ ಗ್ಯಾರಂಟಿ ಇಲ್ಲ" ಅಂತ ನನ್ನ ಹೆಂಡತಿಯ ಅಭಿಪ್ರಾಯ.

ಈ ಸಲದ ಕತೆ ನನ್ನ ಅಕ್ಕನದ್ದು. ಅಕ್ಕನನ್ನು ಕೊಟ್ಟದ್ದು ಕುಮಟಾದ ಹತ್ತಿರ ಕಾಗಾಲಕ್ಕೆ. ಭತ್ತ ಕೊಯ್ದ ಮೇಲೆ ಅವಳು ಗದ್ದೆಗೆ ನೀರುಳ್ಳಿ ಹಾಕ್ತಾಳೆ. ಬೆಳೆದದ್ದನ್ನು ಜಡೆ ಹೆಣೆದು, ಹೈವೇ ಬದಿಗೆ ಕೋಲಿಗೆ ನೇತುಹಾಕಿ ತಾನೇ ಕೂತು ಮಾರ್ತಾಳೆ. ಗದ್ದೆಗೆ ಕರೆಂಟಿಲ್ಲ, ಹಳೇ ಡೀಸೆಲ್ ಪಂಪ್‌ಸೆಟ್ಟೇ ಗತಿ. ಡೀಸೆಲ್ ರೇಟು ಎಲ್ಲರಿಗೂ ಗೊತ್ತೇ ಇದೆ. ಭಾವ ಸರ್ಕಾರಿ ಬಸ್ ಓಡಿಸಿ ನಿವೃತ್ತರಾದವರು. ಕ್ಲಚ್ ತುಳಿದು ತುಳಿದು ಎಡ ಮೊಣಕಾಲು ಹೋಗಿದೆ. ಅಷ್ಟರಲ್ಲಿ ಓಂ ಬೀಚ್ ಕಡೆ ಗೆಸ್ಟ್ ಹೌಸ್ ಇಟ್ಟ ಒಬ್ಬ ಮನುಷ್ಯ ಬಂದು, "ಗದ್ದೆ ಲೀಸಿಗೆ ಕೊಡಿ, ಟೂರಿಸ್ಟ್‌ಗಳಿಗೆ ಟೆಂಟ್ ಹಾಕ್ತೇನೆ" ಅಂದ. ಭಾವನಿಗೆ ಮನಸ್ಸಾಗಿತ್ತು. ಸಂಕ್ರಾಂತಿ ಕಳೆದ ಮೇಲೆ ಹೇಳ್ತೇನೆ ಅಂದಿದ್ದರು.

ಅಕ್ಕ ನನ್ನ ವರ್ಕ್‌ಶಾಪಿಗೆ ಬಂದು ಟೈರಿನ ಮೇಲೆ ಕೂತಳು. "ತಮಾ, ಆ ಗದ್ದೆ ಹೋದರೆ ಹೈವೇಲಿ ನಾನು ಎಂತ ಹಿಡ್ಕೊಂಡು ಕೂತ್ಕೊಳ್ಳಲಿ?" ಅಂದಳು. ಕಣ್ಣಲ್ಲಿ ನೀರಿತ್ತು. ನನಗೆ ತಡೆಯಲಿಲ್ಲ. ಹಳೇ ಎಣ್ಣೆಯಿಂದ ಮನೆಯಲ್ಲೇ ಡೀಸೆಲ್ ಮಾಡಬಹುದು ಅಂತ ಯಾವಾಗಲೋ ಮೊಬೈಲಿನಲ್ಲಿ ನೋಡಿದ್ದೆ. "ಸಂಕ್ರಾಂತಿ ಆಗಿ ಹದಿನೈದು ದಿನದೊಳಗೆ ನಿನ್ನ ಪಂಪ್ ಪುಕ್ಕಟೆ ಎಣ್ಣೇಲಿ ಓಡ್ತದೆ, ಹೋಗು" ಅಂದುಬಿಟ್ಟೆ. ಬಾಯಿ ನನ್ನದು, ಯೋಚನೆ ಮಾಡೋದು ಆಮೇಲೆ.

ಹಳೇ ಎಣ್ಣೆ ಎಲ್ಲಿದೆ?

ಲೆಕ್ಕ ಸುಲಭವಿತ್ತು. ಮನೆಮನೆಯಲ್ಲಿ ಕರಿದು ಉಳಿದ ಎಣ್ಣೆ ಇರ್ತದೆ, ಹೇಗೂ ಚೆಲ್ತಾರೆ, ಅದನ್ನು ಒಟ್ಟು ಮಾಡೋದು. ಕ್ಯಾನ್ ಹಿಡಿದು ನಮ್ಮ ಕೇರಿಯ ಮೊದಲ ಮನೆಗೆ ಹೋದೆ. "ಬಾಯೋರೆ, ಹಳೇ ಎಣ್ಣೆ ಇದ್ದರೆ ಕೊಡಿ."

"ಹಳೇದು ಅಂದರೆ?"

"ಕರಿದು ಉಳಿದದ್ದು. ನೀವು ಚೆಲ್ಲೋದು."

"ಎಣ್ಣೆ ಚೆಲ್ಲೋದಾ!" ಅಂತ ಅವರು ನನ್ನನ್ನು ನೋಡಿದ ನೋಟಕ್ಕೆ ನಾನು ಒಂದು ಹೆಜ್ಜೆ ಹಿಂದೆ ಬಂದೆ. ಆಮೇಲೆ ನಿಲ್ಲಿಸಿಕೊಂಡು ಪಾಠ ಮಾಡಿದರು. ಹಪ್ಪಳ ಕರಿದ ಎಣ್ಣೆಯಲ್ಲಿ ಪೂರಿ. ಪೂರಿ ಆದ ಮೇಲೆ ಬಜ್ಜಿ. ಬಜ್ಜಿ ಆದ ಮೇಲೆ ಮೀನು. ಮೀನು ಹುರಿದು ಉಳಿದದ್ದು ಮೀನುಸಾರಿನ ಒಗ್ಗರಣೆಗೆ. ಅದರಲ್ಲೂ ತಳದಲ್ಲಿ ಉಳಿದರೆ ಕತ್ತಿಗೆ ಸವರೋದು, ಬಾಗಿಲ ತಿರುಗಣಿಗೆ ಬಿಡೋದು. "ಅಷ್ಟಾದ ಮೇಲೂ ಉಳಿದರೆ?" ಅಂತ ಕೇಳಿದೆ. "ಉಳಿದರೆ ಆ ಮನೆ ಹೆಂಗಸಿಗೆ ಸಂಸಾರ ಮಾಡೋಕೆ ಬರೋದಿಲ್ಲ ಅಂತ ಅರ್ಥ" ಅಂದರು.

ಹದಿನಾಲ್ಕು ಮನೆ ತಿರುಗಿದೆ. ಹದಿನಾಲ್ಕೂ ಮನೆಯ ಹೆಂಗಸರಿಗೆ ಸಂಸಾರ ಮಾಡೋಕೆ ಬರ್ತಿತ್ತು. ಕೊನೆಗೆ ಒಬ್ಬರು ಪಾಪ ಕಂಡು ಅರ್ಧ ಬಾಟ್ಲಿ ಕೊಟ್ಟರು. ಅದನ್ನು ಜೋಪಾನ ತಂದು ಅಡುಗೆಮನೆ ಕಟ್ಟೆ ಮೇಲಿಟ್ಟು ಕೈಕಾಲು ತೊಳೆಯೋಕೆ ಹೋದೆ. ತಿರುಗಿ ಬರೋಷ್ಟರಲ್ಲಿ ಬಾಣಲೆ ಚುಂಯ್ ಅಂತಿತ್ತು. ಹೆಂಡತಿ ಹಪ್ಪಳ ಕರೀತಿದ್ದಳು.

"ಚಲೋ ಎಣ್ಣೆ" ಅಂದಳು. "ಯಾರ ಮನೇದು?"

ಬಿಳಿ ಅಂಗಿ ಹಾಕಬಾರದಿತ್ತು

ಮನೆ ಎಣ್ಣೆ ಆಗೋದಿಲ್ಲ ಅಂತಾದ ಮೇಲೆ ಹೋಟೆಲ್ ಎಣ್ಣೆಯೇ ಆಗಬೇಕು. ಮುರ್ಡೇಶ್ವರದಲ್ಲಿ ಒಂದು ಮೀನೂಟದ ಹೋಟೆಲ್ ಇದೆ, ರಜೆ ದಿನ ಕೂರೋಕೆ ಜಾಗ ಸಿಗೋದಿಲ್ಲ. ಮರ್ಯಾದಸ್ಥನ ಹಾಗೆ ಹೋಗೋಣ ಅಂತ ಮದುವೆಗೆ ಹಾಕುವ ಬಿಳಿ ಅಂಗಿ ಹಾಕಿದೆ. ಬರೆದುಕೊಳ್ಳೋಕೆ ಒಂದು ನೋಟ್‌ಬುಕ್, ಮಾದರಿ ತರೋಕೆ ಮುಚ್ಚಳ ಇರುವ ಸಣ್ಣ ಬಾಟ್ಲಿ. ಗಲ್ಲೆಯಲ್ಲಿ ಕೂತಿದ್ದ ಮಾಲಕರಿಗೆ ನಮಸ್ಕಾರ ಮಾಡಿ, "ನೀವು ಕರಿಯೋ ಎಣ್ಣೆ ವಿಚಾರ ಮಾತಾಡಬೇಕಿತ್ತು" ಅಂದೆ.

ಅವರು ಗಲ್ಲೆ ಬಿಟ್ಟು ಎದ್ದರು. ನನ್ನನ್ನು ಫ್ಯಾನಿನ ಕೆಳಗೆ ಕೂರಿಸಿದರು. ಕೇಳದೆ ಊಟ ಬಂತು, ಎರಡು ಬಂಗಡೆ ಫ್ರೈ ಬಂತು, ಕುಡಿಯೋಕೆ ಸೋಲ್‌ಕಡಿ ಬಂತು. ಬೇಡ ಅಂದರೆ ಕೇಳಲಿಲ್ಲ.

"ಸಾಹೇಬರೆ, ನಮ್ಮಲ್ಲಿ ದಿನಾ ಹೊಸ ಎಣ್ಣೆ."

"ಹಾಗಾದರೆ ಹಳೇದು ಎಂತ ಮಾಡ್ತೀರಿ?"

"ಹಳೇದು ಅಂತಲೇ ಇಲ್ಲ ಸಾಹೇಬರೆ!"

"ಅಯ್ಯೋ, ಸ್ವಲ್ಪವಾದರೂ ಇರಬೇಕಿತ್ತಲ್ಲ" ಅಂತ ನಾನು ಬೇಜಾರಲ್ಲಿ ಅಂದೆ. ಅವರ ಹಣೆ ಬೆವರೊಡೀತು. ಹೀಗೇ ಅರ್ಧ ಗಂಟೆ ನಾನು ಎಣ್ಣೆ ಬೇಕು ಅಂತ, ಅವರು ಇಲ್ಲ ಅಂತ. ಕೊನೆಗೆ ನನಗೆ ಸಿಟ್ಟು ಬಂತು. "ಸ್ವಾಮಿ, ನಾನು ಹೊನ್ನಾವರದ ಪಂಪ್‌ಸೆಟ್ ರಿಪೇರಿಯವ. ನನ್ನ ಅಕ್ಕನ ಇಂಜಿನ್‌ಗೆ ಹಾಕೋಕೆ ಬೇಕು ಮಾರಾಯ್ರೆ!"

ಅವರು ಉಸ್ಸಪ್ಪಾ ಅಂತ ನನ್ನೆದುರೇ ಕೂತರು. "ಮೊದಲೇ ಹೇಳೋದಲ್ಲನಾ! ಆ ಅಂಗಿ ನೋಡಿ ನಾನು ಫುಡ್ ಇನ್ಸ್‌ಪೆಕ್ಟರ್ ಅಂತ ಮಾಡಿದ್ದೆ." ಹಿಂದಿನ ಕೋಣೆಯಿಂದ ಐದು ಡಬ್ಬಿ ಬಂತು. ಡಾಂಬರು ಬಣ್ಣ. "ವಾರಕ್ಕೆ ಇಷ್ಟು ತಗೊಂಡು ಹೋಗು. ಉಪಕಾರ ಆಯ್ತು" ಅಂದರು.

ಭಟ್ಕಳದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಮೇಡಂ ಒಬ್ಬರಿದ್ದಾರೆ, ಅವರ ಮನೆಯ ಜನರೇಟರ್ ನಾನೇ ನೋಡೋದು. ಒಂದು ಡಬ್ಬಿ ಎಣ್ಣೆ ಸೀದಾ ಅವರ ಹತ್ತಿರ ಒಯ್ದೆ. ಎಣ್ಣೆ ಎಷ್ಟು ಕೆಟ್ಟಿದೆ, ಅದಕ್ಕೆ ಎಷ್ಟು ಕಾಸ್ಟಿಕ್ ಸೋಡಾ ಬೇಕು ಅಂತ ತೊಟ್ಟು ತೊಟ್ಟು ಹಾಕಿ ನೋಡುವ ಪರೀಕ್ಷೆ ಇದೆಯಂತೆ. ಅವರು ಹಾಕಿದರು, ಹಾಕಿದರು, ಬಣ್ಣ ತಿರುಗಲೇ ಇಲ್ಲ. "ಇದು ಯಾವ ಕಾಲದ ಎಣ್ಣೆ?" ಅಂತ ಕನ್ನಡಕ ತೆಗೆದು ಕೇಳಿದರು. ಆದರೂ ಆಗ್ತದೆ, ಸೋಡಾ ಜಾಸ್ತಿ ಬೇಕು, ಅಂದರು.

ಆ ಸಂಜೆ ಹೋಟೆಲ್ ಮಾಲಕರ ಫೋನು. "ಅಲ್ಲ, ಅದರಿಂದ ನಿನ್ನ ಅಕ್ಕನ ಇಂಜಿನ್‌ಗೆ ಎಂತದೂ ತೊಂದರೆ ಆಗೋದಿಲ್ಲ ಅಲ್ಲವಾ?" ಪಾಪ, ಬಹಳ ಕಾಳಜಿಯಿಂದ ಕೇಳಿದರು. ಅದೇ ಎಣ್ಣೆಯಲ್ಲಿ ಕರಿದ ಎರಡು ಬಂಗಡೆ ನನ್ನ ಹೊಟ್ಟೇಲಿತ್ತು. ನನ್ನ ಬಗ್ಗೆ ಒಂದು ಮಾತು ಕೇಳಲಿಲ್ಲ.

ಆಗ್ನೇಯ ಮೂಲೆ

ಎರಡು ಹಳೇ ಕಬ್ಬಿಣದ ಡ್ರಮ್ಮು, ಒಂದು ಗೀಸರ್ ಕಾಯಿಲು, ಎಣ್ಣೆ ತಿರುಗಿಸೋಕೆ ಸಣ್ಣ ಪಂಪು, ನಾಲ್ಕು ನಲ್ಲಿ. ಇಷ್ಟೇ ಯಂತ್ರ. ವೆಲ್ಡಿಂಗ್ ನನ್ನದೇ. ಒಲೆ ಹಚ್ಚೋಕಿಲ್ಲ, ಕರೆಂಟಿನ ಕಾಯಿಲೇ ಆಗಬೇಕು, ಅಡುಗೆಮನೆಯಿಂದ ದೂರ ಇಡಬೇಕು, ಗಾಳಿ ಆಡುವ ಜಾಗ ಬೇಕು, ಕೈಗವಸು ಕನ್ನಡಕ ಇಲ್ಲದೆ ಮುಟ್ಟೋಕಿಲ್ಲ ಅಂತ ಮೇಡಂ ಬರೆದೇ ಕೊಟ್ಟಿದ್ದರು. ಇದರಲ್ಲಿ ಹಾಕುವ ಮೆಥನಾಲ್ ಅನ್ನೋ ಸ್ಪಿರಿಟ್ಟು ಕಿಡಿ ಕಂಡರೆ ಹಾರಿಬೀಳ್ತದೆ. ನಾನು ಅಕ್ಕನ ಮನೆಯ ಅಂಗಳದ ಆಚೆ, ಮಾವಿನ ಮರದ ಹತ್ತಿರ ಜಾಗ ನೋಡಿದೆ.

ಭಾವ ಊರುಗೋಲು ಊರಿಕೊಂಡು ಬಂದರು. "ಇದರಲ್ಲಿ ಬೆಂಕಿ ಇದೆಯಾ?"

"ಬಿಸಿ ಇದೆ."

"ಅಂದ ಮೇಲೆ ಅಗ್ನಿ. ಆಗ್ನೇಯ ಮೂಲೇಲೇ ಇರಬೇಕು."

ಆಗ್ನೇಯದಲ್ಲಿ ಇರೋದು ಅಕ್ಕನ ಅಡುಗೆಮನೆ. "ಭಾವ, ಅಲ್ಲಿಟ್ಟರೆ ಮನೆಯ ಎಂಟೂ ಮೂಲೆ ಅಗ್ನಿ ಆಗ್ತದೆ!" ಅಂದೆ. ಅವರು ಜಗ್ಗಲಿಲ್ಲ. ಇಡೀ ಜಿಲ್ಲೆಯ ರಸ್ತೆ ಗೊತ್ತಿರುವ ತನಗೆ ದಿಕ್ಕು ಹೇಳಿಕೊಡೋದು ಬೇಡ ಅಂದರು. ಒಂದು ದಿನ ಪೂರ್ತಿ ಇದೇ ಜಗಳ. ಅಕ್ಕ ಇಬ್ಬರಿಗೂ ಚಾ ಕೊಟ್ಟು ಕೊಟ್ಟು ಸೋತಳು.

ಮರುದಿನ ಭಾವ ಮೊಬೈಲಿನಲ್ಲಿ ದಿಕ್ಸೂಚಿ ಹಾಕಿಕೊಂಡು ಬಂದರು. ಕಬ್ಬಿಣದ ಹತ್ತಿರ ದಿಕ್ಸೂಚಿ ದಾರಿ ತಪ್ತದೆ ಅಂತ ಬೋಟಿನವರ ಸಹವಾಸದಿಂದ ನನಗೆ ಗೊತ್ತು. ಸುಮ್ಮನೆ ಡ್ರಮ್ಮನ್ನು ಮಾವಿನ ಮರದ ಬುಡಕ್ಕೆ ಉರುಳಿಸಿದೆ. "ಭಾವ, ಮೊಬೈಲನ್ನು ಡ್ರಮ್ಮಿಗೆ ತಾಗಿಸಿ ನೋಡಿ, ಅದು ಇರೋ ದಿಕ್ಕೇ ಅಲ್ಲವಾ ಮುಖ್ಯ" ಅಂದೆ. ಅವರು ತಾಗಿಸಿದರು. ಮುಳ್ಳು ತಲೆ ತಿರುಗಿದವರ ಹಾಗೆ ಎರಡು ಸುತ್ತು ಹೊಡೆದು ಆಗ್ನೇಯಕ್ಕೆ ನಿಂತಿತು. ದೇವರಾಣೆ, ಅಲ್ಲೇ ನಿಲ್ತದೆ ಅಂತ ನನಗೂ ಗೊತ್ತಿರಲಿಲ್ಲ.

ಭಾವ ನನ್ನ ಬೆನ್ನು ತಟ್ಟಿದರು. "ನೋಡಿದೆಯಾ? ನಿನ್ನೆಯಿಂದ ನಾನು ಹೇಳ್ತಾ ಇದ್ದ ಜಾಗ ಇದೇ."

ಗೇರುಹಣ್ಣು

ಡ್ರಮ್ಮು, ಕೊಳವೆ, ನಲ್ಲಿ ಎಲ್ಲ ಜೋಡಿಸಿ ನಿಲ್ಲಿಸಿದ ಮೇಲೆ ಅದು ನೋಡೋಕೆ ಹೇಗೆ ಕಾಣ್ತದೆ ಅಂತ ನಾನು ಯೋಚಿಸಿರಲಿಲ್ಲ. ನೆರೆಮನೆಯ ಅಜ್ಜ ಯೋಚಿಸಿದ್ದರು. ಒಂದು ಬೆಳಿಗ್ಗೆ ಬಂದು ನೋಡಿದರೆ ಡ್ರಮ್ಮಿನ ಪಕ್ಕ ಒಂದು ಬುಟ್ಟಿ ಗೇರುಹಣ್ಣು. ಆ ವರ್ಷದ ಮೊದಲ ಹಣ್ಣು. ಮರುದಿನ ಇನ್ನೊಂದು ಬುಟ್ಟಿ. ಮೂರನೇ ದಿನ ಅಜ್ಜನೇ ಬೇಲಿಯಾಚೆ ನಿಂತು ಸಣ್ಣ ದನಿಯಲ್ಲಿ ಕೇಳಿದರು, "ತಮಾ, ಯಾವಾಗ ಇಳಿಸ್ತೆ?"

"ಅಜ್ಜ, ಇದು ಗೇರುಹಣ್ಣಿನ ಸಾರಾಯಿ ಅಲ್ಲ! ಡೀಸೆಲ್!"

"ಆತು, ಆತು. ಯಾರ ಹತ್ರನೂ ಹೇಳೋದಿಲ್ಲ" ಅಂತ ಕಣ್ಣು ಹೊಡೆದು ಹೋದರು.

ನನಗೆ ನಗು ಬರಲಿಲ್ಲ, ಜೀವ ಹಾರಿಹೋಯಿತು. ಮೆಥನಾಲ್ ಒಂದು ಗುಟುಕು ಒಳಗೆ ಹೋದರೆ ಕಣ್ಣು ಹೋಗ್ತದೆ, ಆಮೇಲೆ ಪ್ರಾಣವೂ ಹೋಗ್ತದೆ. ಅವತ್ತೇ ಕಬ್ಬಿಣದ ಪೆಟ್ಟಿಗೆ ಮಾಡಿ ಕ್ಯಾನನ್ನು ಒಳಗಿಟ್ಟು ದೊಡ್ಡ ಬೀಗ ಜಡಿದೆ. ತಗಡಿನ ಮೇಲೆ ತಲೆಬುರುಡೆ ಬರೆದು, "ವಿಷ. ಕುಡಿದರೆ ಸಾವು" ಅಂತ ಕೆಂಪು ಬಣ್ಣದಲ್ಲಿ ಬರೆದು ಮರಕ್ಕೆ ಹೊಡೆದೆ.

ಅಜ್ಜ ಸಂಜೆ ಬಂದು, ಕೈ ಹಿಂದೆ ಕಟ್ಟಿ, ಬೋರ್ಡನ್ನು ಅಕ್ಷರ ಅಕ್ಷರ ಓದಿದರು. ಆಮೇಲೆ ನನ್ನ ಕಡೆ ತಿರುಗಿ ಮೆಚ್ಚಿ ತಲೆ ಆಡಿಸಿದರು. "ಚಲೋ ಉಪಾಯ ಮಾಡಿದೆ ಮಾರಾಯ. ಇನ್ನು ಯಾರೂ ಕದಿಯೋದಿಲ್ಲ."

ಹಾಲು ಉಕ್ಕಿಸಿದ್ದು

ಮೊದಲ ಸಲ ಡೀಸೆಲ್ ಮಾಡುವ ದಿನ ಮೇಡಂ ಭಟ್ಕಳದಿಂದ ಬಂದಿದ್ದರು. ಈ ಕೆಲಸಕ್ಕೆ ದೊಡ್ಡ ಶತ್ರು ನೀರು, ಒಂದು ಹನಿಯೂ ಸೇರಬಾರದು ಅಂತ ಅವರು ಮೊದಲೇ ಹೇಳಿದ್ದರು. ನಾನು ಎಣ್ಣೆಯನ್ನು ಸೋಸಿ, ಬೇರೆ ಪಾತ್ರೆಯಲ್ಲಿ ಕಾಯಿಸಿ ನೀರೆಲ್ಲ ಆರಿಸಿ ತಂದಿದ್ದೆ. ಅಳತೆ ಸರಿ, ಬಿಸಿ ಸರಿ. ಒಂದು ಗಂಟೆ ಪಂಪು ತಿರುಗಿಸಿದೆವು. ಮೇಲೆ ಬಂಗಾರದ ಬಣ್ಣದ ಡೀಸೆಲ್ಲು ನಿಲ್ತದೆ, ಕೆಳಗೆ ಗ್ಲಿಸರಿನ್ ಇಳೀತದೆ ಅಂತ ಮರುದಿನ ನಲ್ಲಿ ತಿರುಗಿಸಿದರೆ, ಎಂತದೂ ಬರಲಿಲ್ಲ. ಮುಚ್ಚಳ ತೆಗೆದು ಇಣುಕಿದೆ. ಡ್ರಮ್ಮಿನ ತುಂಬ ಮೊಸರಿನ ಹಾಗೆ ಗಟ್ಟಿ.

"ಸಾಬೂನಾಗಿದೆ" ಅಂದರು ಮೇಡಂ ಫೋನಿನಲ್ಲಿ. "ಎಲ್ಲೋ ನೀರು ಸೇರಿದೆ."

ನಾನು ಕೂಗಾಡಿದೆ. ಯಾರು ಮುಟ್ಟಿದ್ದು, ಯಾರು ತೊಳೆದದ್ದು, ಹೇಳಿ! ಭಾವ ಆಕಾಶ ನೋಡಿದರು. ಅಕ್ಕ ಸೆರಗಿನ ತುದಿ ತಿರುಚುತ್ತಾ, "ತೊಳೆದದ್ದಲ್ಲ ತಮಾ. ಹೊಸ ಒಲೆ ಅಲ್ಲವಾ, ಹಾಲು ಉಕ್ಕಿಸಿದೆ" ಅಂದಳು.

ಸಂಗತಿ ಹೀಗೆ. ಹೊಸ ಒಲೆಯಲ್ಲಿ ಮೊದಲು ಹಾಲು ಉಕ್ಕಿಸದೆ ಕೆಲಸ ಶುರುಮಾಡಿದರೆ ಏಳಿಗೆ ಆಗೋದಿಲ್ಲ ಅಂತ, ಹಿಂದಿನ ದಿನ ಅಕ್ಕ ನನ್ನ ಡ್ರಮ್ಮಿಗೆ ನಾಲ್ಕು ಲೀಟರ್ ಹಾಲು ಹಾಕಿ ಸ್ವಿಚ್ ಒತ್ತಿದ್ದಾಳೆ. ಅಷ್ಟು ಆಳದ ಡ್ರಮ್ಮಿನಿಂದ ಹಾಲು ಎಲ್ಲಿ ಉಕ್ಕಬೇಕು! ಗಂಡಹೆಂಡತಿ ಇಬ್ಬರೂ ಕಾದರು. ಕೊನೆಗೆ ಭಾವ, "ಮೇಲಿಂದ ಬಂದರೇನು, ಕೆಳಗಿಂದ ಬಂದರೇನು" ಅಂತ ಪಂಪು ಹಾಕಿ ನಲ್ಲಿ ಬಿಟ್ಟಿದ್ದಾರೆ. ಹಾಲು ಎಲ್ಲ ಕೊಳವೆ ಸುತ್ತಿ ಹೊರಗೆ ಬಂದಿದೆ. ಡ್ರಮ್ಮಿನ ಒಳಗೆ ಬಟ್ಟೆಯಿಂದ ಒರೆಸಿದ್ದಾಳೆ, ಕೊಳವೆಯೊಳಗೆ ಒರೆಸೋರು ಯಾರು?

"ಒಂದು ವಾರದ ಕೆಲಸ ಹಾಳಾಯ್ತಲ್ಲೇ ಅಕ್ಕ! ಹದಿನೈದು ದಿನದಲ್ಲಿ ಒಂಬತ್ತು ಹೋಯ್ತು!" ಅಂತ ನಾನು ತಲೆ ಮೇಲೆ ಕೈ ಹೊತ್ತು ಕೂತೆ.

ಅಕ್ಕ ಹತ್ತಿರ ಬಂದು ಸಮಾಧಾನ ಮಾಡಿದಳು. "ಹಾಲು ಪೂರ್ವಕ್ಕೇ ಹರಿದದೆ ತಮಾ, ನಾನೇ ಕಣ್ಣಾರೆ ನೋಡಿದ್ದೇನೆ. ತಪ್ಪಿದ್ದರೆ ನಿನ್ನ ವಿಜ್ಞಾನದಲ್ಲೇ ಇರಬೇಕು."

ಸೋಮವಾರ

ಎಲ್ಲ ಬಿಚ್ಚಿ, ಒಣಗಿಸಿ, ಎರಡನೇ ಸಲ ಮಾಡಿದೆವು. ಈ ಸಲ ಅಕ್ಕ ದೂರದಿಂದಲೇ ಕೈ ಮುಗಿದಳು. ಡೀಸೆಲ್ ಚಂದ ಬಂತು. ಮೇಡಂ ಬಾಟ್ಲಿಯನ್ನು ಬಿಸಿಲಿಗೆ ಹಿಡಿದು ನೋಡಿ, "ಪಾಸ್" ಅಂದರು. ನನಗೆ ಶಾಲೇಲೂ ಯಾರೂ ಆ ಮಾತು ಹೇಳಿರಲಿಲ್ಲ.

ಅಷ್ಟರಲ್ಲಿ ನೀರುಳ್ಳಿಯ ತುದಿ ಹಳದಿಯಾಗೋಕೆ ಹತ್ತಿತ್ತು. ಭಾವ ಒಂದು ಕ್ಯಾನ್ ಪೇಟೆ ಡೀಸೆಲ್ ತಂದಿಟ್ಟಿದ್ದರು. ಅದನ್ನು ಮುಟ್ಟೋಕೆ ಅಕ್ಕ ಒಪ್ಪಿರಲಿಲ್ಲ. ಅದು ಖಾಲಿಯಾದರೆ ಮತ್ತೆ ದುಬಾರಿ ಡೀಸೆಲ್ಲಿನ ಮಾತು ಏಳ್ತದೆ, ಗದ್ದೆ ಹೋಗ್ತದೆ ಅಂತ ಅವಳ ಹೆದರಿಕೆ. ಟೆಂಟಿನವ ಅವತ್ತೇ ಸಂಜೆ ಉತ್ತರ ಕೇಳೋಕೆ ಬರುವವನಿದ್ದ. ಅವತ್ತು ಸೋಮವಾರ. ವಾರದ ಕಡೆ ನನ್ನ ಲಕ್ಷ್ಯ ಇರಲಿಲ್ಲ.

ಬೆಳಿಗ್ಗೆ ಹೊಸ ಡೀಸೆಲ್ ಹಾಕಿ ಹ್ಯಾಂಡಲ್ ಹೊಡೆದೆ. ಪಂಪ್‌ಸೆಟ್ ಎರಡು ಸಲ ಕೆಮ್ಮಿತು, ಮೂರನೇ ಸಲ ಹಿಡಿಯಿತು. ಪೈಪಿನ ಬಾಯಲ್ಲಿ ಮೊದಲು ಗಾಳಿ, ಆಮೇಲೆ ಕೆಸರು, ಆಮೇಲೆ ನೀರು! ಅಕ್ಕ ಸೀರೆ ನೆರಿಗೆ ಎತ್ತಿ ಕಟ್ಟಿ ಕಾಲುವೆಯಲ್ಲೇ ನಿಂತುಬಿಟ್ಟಳು. ಅಳ್ತಿದ್ದಳು, ನಗ್ತಿದ್ದಳು. ನನ್ನ ಕಣ್ಣೂ ಒದ್ದೆಯಾಯಿತು, ಹೊಗೆಗೆ ಅಂತ ಹೇಳಿದೆ.

ಹೊಗೆ. ಆಚೆ ಗದ್ದೆಯಲ್ಲಿ ಕಳೆ ಕೀಳ್ತಿದ್ದ ಹೆಂಗಸರು ಒಬ್ಬೊಬ್ಬರೇ ತಲೆ ಎತ್ತಿ ಮೂಗು ಅರಳಿಸಿದರು. "ಯಾರ ಮನೇಲೇ ಬಂಗಡೆ ಹುರೀತಾ ಇರೋದು?" ಮುರ್ಡೇಶ್ವರದ ಹೋಟೆಲಿನ ಅಷ್ಟೂ ಬಂಗಡೆಯ ಪರಿಮಳ ಪಂಪ್‌ಸೆಟ್ಟಿನ ಹೊಗೆಕೊಳವೆಯಿಂದ ಕಾಗಾಲದ ಬಯಲಿಗೆ ಇಳೀತಿತ್ತು.

ಭಾವ ಸೋಮವಾರ ಮೀನು ಮುಟ್ಟೋದಿಲ್ಲ. ಮುಟ್ಟೋದು ಇರಲಿ, ಅವತ್ತು ಮನೆಯಲ್ಲಿ ಮೀನಿನ ಪಾತ್ರೆ ಕೂಡ ಹೊರಗೆ ತೆಗೆಯೋಕಿಲ್ಲ. ಶಿವನ ವಾರ. ಊರುಗೋಲು ಬಿಟ್ಟು, ಗದ್ದೆಯ ಅಂಚಿನ ಮೇಲೆ ಅವರು ಓಡಿ ಬಂದದ್ದನ್ನು ನೋಡಿದವರು ಮೊಣಕಾಲು ಸರಿಯಾಗಿದೆ ಅಂತಲೇ ತಿಳೀತಿದ್ದರು. ಬಂದವರೇ ಇಂಜಿನ್ ಬಂದ್ ಮಾಡಿದರು.

"ಸೋಮವಾರ ಮೀನು ಹುರಿಯೋದಾ! ನಾಚಿಕೆ ಇಲ್ಲವಾ?"

"ಭಾವ, ಮೀನಿಲ್ಲ, ಬರೀ ಹೊಗೆ!"

"ಮೂಗಿಗೆ ಬಂದ ಮೇಲೆ ಇನ್ನೆಂತ ಉಳೀತು?"

ನನಗೆ ಪಿತ್ತ ನೆತ್ತಿಗೇರಿತ್ತು. ನಾನು ಬಾಯಿ ತೆಗೆಯೋದರೊಳಗೆ ಅಕ್ಕ ಕಾಲುವೆಯಿಂದ ಹತ್ತಿ ಬಂದಳು. ಗಂಡನೆದುರು ದನಿ ಏರಿಸಿದವಳಲ್ಲ. "ಸೋಮವಾರ ನಿಮಗೆ. ನೀರುಳ್ಳಿಗೆ ಎಂತ ಸೋಮವಾರ? ಅದು ಸಾಯ್ತಾ ಅದೆ" ಅಂದಳು.

ಭಾವ ಅವಳನ್ನು ನೋಡಿದರು, ನೀರುಳ್ಳಿ ಸಾಲು ನೋಡಿದರು. ಆಮೇಲೆ ಕುಂಟುತ್ತಾ ಮನೆಗೆ ಹೋಗಿ ಆ ಪೇಟೆ ಡೀಸೆಲ್ ಕ್ಯಾನನ್ನು ತಾವೇ ಹೊತ್ತು ತಂದು, ಟಾಂಕಿ ಖಾಲಿ ಮಾಡಿಸಿ, ಅದನ್ನು ತುಂಬಿಸಿದರು. "ಇವತ್ತಿಗೆ ಇದು ಓಡಲಿ" ಅಂದರು. ನೀರು ಮತ್ತೆ ಬಂತು. ನನಗೆ, "ಬೈಕ್ ತೆಗೆ" ಅಂದರು. ಬೈಕಿನ ಹಿಂದೆ ಖಾಲಿ ಕ್ಯಾನ್ ಹಿಡಿದು ಕೂತು ಕುಮಟಾಕ್ಕೆ ಬಂದರು. ಸಸ್ಯಾಹಾರಿ ಹೋಟೆಲ್ ಒಂದರ ಮುಂದೆ ಇಳಿದು ಸೀದಾ ಅಡುಗೆಕೋಣೆಗೇ ನುಗ್ಗಿದರು. "ಇದರಲ್ಲಿ ಬನ್ಸು, ಬಜ್ಜಿ ಬಿಟ್ಟು ಬೇರೆ ಎಂತದೂ ಬಿದ್ದಿಲ್ಲ ಅಲ್ಲವಾ? ದೇವರ ಮೇಲೆ ಆಣೆ ಹಾಕಿ ಹೇಳಿ" ಅಂತ ಅಡುಗೆಭಟ್ಟರ ಹತ್ತಿರ ಆಣೆ ಹಾಕಿಸಿಕೊಂಡೇ ಎಣ್ಣೆ ತುಂಬಿಸಿದರು.

ಸಂಜೆ ಟೆಂಟಿನವ ಬಂದಾಗ ಭಾವ ಮಾವಿನ ಮರದ ಕೆಳಗೆ ಎಣ್ಣೆ ಸೋಸ್ತಿದ್ದರು. ಒಂದು ಡ್ರಮ್ಮಿಗೆ ಸುಣ್ಣದಲ್ಲಿ "ಸೋಮವಾರ" ಅಂತ ಬರೆದಾಗಿತ್ತು.

"ಎಂತ ಆತು ಯಜಮಾನ್ರೆ, ಗದ್ದೆ ವಿಚಾರ?"

"ಈಗ ಪುರುಸೊತ್ತಿಲ್ಲ ಮಾರಾಯ. ಬರೋ ಸೋಮವಾರದ ಡೀಸೆಲ್ ಆಗಬೇಕು."

"ಅಂದರೆ, ಗದ್ದೆ ಕೊಡೋದಿಲ್ಲವಾ?"

ಭಾವ ತಲೆ ಎತ್ತಿ ಅವನನ್ನು ನೋಡಿದರು. "ವಾರ ನೋಡಿ ಇಂಜಿನ್‌ಗೆ ಊಟ ಹಾಕ್ತಾ ಇದ್ದೇನೆ ನಾನು. ಇನ್ನು ಗದ್ದೆ ಕೊಡ್ತೇನಾ?"

ಅವ ಹೋದ. ಅಕ್ಕ ಚಾ ತರೋಕೆ ಅಂತ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಗದ್ದೆಗೆ ಹೋಗಿ, ಟಾಂಕಿಗೆ ಮುರ್ಡೇಶ್ವರದ ಡೀಸೆಲ್ ಸುರಿದು ನಿಂತಿದ್ದೆ. ಭಾವ ಬಂದರು. ಒಂದು ಕೈಯಲ್ಲಿ ಗಂಜಿ ಬಟ್ಟಲು, ಇನ್ನೊಂದರಲ್ಲಿ ಸಣ್ಣ ಮಣೆ. ಪಂಪ್‌ಸೆಟ್ಟಿನ ಹೊಗೆಕೊಳವೆ ಎತ್ತ ತಿರುಗಿದೆ ಅಂತ ನೋಡಿ, ಗಾಳಿ ನೋಡಿ, ಮಣೆ ಸರಿಮಾಡಿ ಅದರೆದುರು ಕೂತರು.

"ಭಾವ, ಇಲ್ಲೆಂತಕ್ಕೆ ಕೂತಿರಿ? ಮನೇಲಿ ಉಣ್ಣಿ."

"ಇವತ್ತು ಮಂಗಳವಾರ" ಅಂದರು ಭಾವ. "ಪೇಟೆಗೆ ಮೀನು ಬಂದಿಲ್ಲ. ಬರೀ ಗಂಜಿ ಗಂಟಲಲ್ಲಿ ಇಳಿಯೋದಿಲ್ಲ ಮಾರಾಯ. ಬೇಗ ಹ್ಯಾಂಡಲ್ ಹೊಡಿ."